ಅಗ್ಗದ ಅಲಂಕಾರದ ಪರವಾಗಿ

ಹಬ್ಬಕ್ಕೆ ಇನ್ನೊಂದು ವಾರ ಇದೆ ಎನ್ನುವಾಗ ಪತ್ರಿಕೆಗಳ ಮಹಿಳಾ ಪುಟದಲ್ಲಿ ತಪ್ಪದೆ ಬರುವ ಲೇಖನವೊಂದಿದೆ. 'ಕಸದಿಂದ ರಸ' ಎಂದೋ 'ಕಡಿಮೆ ಖರ್ಚಿನಲ್ಲಿ ಮನೆ ಸಿಂಗಾರ' ಎಂದೋ ಅದರ ತಲೆಬರಹ. ಮೂವತ್ತು ವರ್ಷಗಳಿಂದ ಇದನ್ನು ಓದುತ್ತ ಬಂದಿದ್ದೇನೆ, ಓದಿ ಸಿಟ್ಟು ಮಾಡಿಕೊಳ್ಳುತ್ತಲೂ ಬಂದಿದ್ದೇನೆ. ಬೇಕಾಗುವ ಸಾಮಾನುಗಳ ಪಟ್ಟಿಯನ್ನು ಒಮ್ಮೆ ಗಮನಿಸಿ. ಖಾಲಿ ಬಾಟಲಿ ಒಂದು, ಕಸವೆಂದರೆ ಅಷ್ಟೆ. ಉಳಿದದ್ದೆಲ್ಲ ಅಂಗಡಿಯದು. ನಾಲ್ಕು ಬಗೆಯ ಅಕ್ರಿಲಿಕ್ ಬಣ್ಣ, ಎರಡು ಬ್ರಷ್ಷು, ಮಿಂಚುಪುಡಿ, ಲೇಸು, ಸ್ಯಾಟಿನ್ ರಿಬ್ಬನ್ನು, ಬಿಸಿ ಅಂಟು ಸುರಿಸುವ ಗನ್ನು! ಒಂದು ಬಾಟಲಿಯನ್ನು ಕಸದ ಬುಟ್ಟಿಯಿಂದ ಉಳಿಸಲು ಹೋಗಿ ಮುನ್ನೂರು ರೂಪಾಯಿಯ ಹೊಸ ಕಸವನ್ನು ಮನೆಗೆ ತಂದ ಹಾಗಾಯಿತು. ಆ ಬಾಟಲಿಯನ್ನು ತೊಳೆದು ಎಣ್ಣೆ ತುಂಬಿಸಿಟ್ಟಿದ್ದರೆ ಅದು ತನ್ನ ಪಾಡಿಗೆ ಹತ್ತು ವರ್ಷ ಬಾಳುತ್ತಿತ್ತು.

ಈಗ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಳೆದ ದೀಪಾವಳಿಯ ಹೊತ್ತಿಗೆ ಬ್ರಹ್ಮಾವರದ ಪೇಟೆಯಲ್ಲಿ ಗೂಡುದೀಪದ 'ಕಿಟ್' ಕಂಡೆ. ಯಂತ್ರದಲ್ಲಿ ಕತ್ತರಿಸಿದ ಪ್ಲಾಸ್ಟಿಕ್ ಹಾಳೆಗಳು, ಒಂದರ ಕಿವಿಯನ್ನು ಇನ್ನೊಂದರ ತೂತಿಗೆ ಸಿಕ್ಕಿಸಿದರೆ ಆಯಿತು. ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ 'ನಿಮ್ಮ ಕೈಯಾರೆ ತಯಾರಿಸಿ' ಎಂದು ಬರೆದಿತ್ತು. ಪಕ್ಕದಲ್ಲಿ ನಿಂತಿದ್ದ ಪರಿಚಯದ ಹೆಂಗಸೊಬ್ಬರು ಎರಡು ತೆಗೆದುಕೊಂಡರು. "ಮಕ್ಕಳ ಹತ್ರ ಮಾಡ್ಸುಕೆ ಟೀಚರೆ" ಎಂದರು ಅಭಿಮಾನದಿಂದ. ಕೊಂಡು ತಂದದ್ದನ್ನು ಮನೆಯಲ್ಲೇ ಮಾಡಿದ್ದು ಎಂದು ನಂಬಿಕೊಳ್ಳುವ ಈ ಹೊಸ ವಿದ್ಯೆಯ ವಿರುದ್ಧ ನನ್ನದೊಂದು ತಕರಾರಿದೆ.

ಹೋಗಲಿ, ಅವರವರ ದುಡ್ಡು, ಅವರವರ ಸಂಭ್ರಮ, ನಿಮಗೇನು ಕಷ್ಟ ಎಂದು ಕೇಳುವವರಿದ್ದಾರೆ. ಶಾಲೆಯಲ್ಲಿ ಇರುವವಳಿಗೆ ಕಷ್ಟ ಗೊತ್ತಾಗುತ್ತದೆ. ನಾನು ಹಿಂದೆ ಕೆಲಸ ಮಾಡಿದ್ದ ಒಂದು ಶಾಲೆಯಲ್ಲಿ ಸೆಪ್ಟೆಂಬರ್ 5ರ ಶಿಕ್ಷಕರ ದಿನಕ್ಕೆ ಮಕ್ಕಳೇ ತರಗತಿಗೆ ಅಲಂಕಾರ ಮಾಡಿ ಟೀಚರುಗಳಿಗೆ ಉಡುಗೊರೆ ಕೊಡುವ ಪದ್ಧತಿ ಶುರುವಾಯಿತು. ಮೊದಲ ವರ್ಷ ಸೀಮೆಸುಣ್ಣದ ಚಿತ್ರ, ತೋಟದ ದಾಸವಾಳ. ಎರಡನೆಯ ವರ್ಷ ಬಣ್ಣದ ಕಾಗದ. ಮೂರನೆಯ ವರ್ಷ ತಲೆಗೆ ಐವತ್ತು ರೂಪಾಯಿ ವಂತಿಗೆ. ಬಲೂನಿನ ಕಮಾನು, ಥರ್ಮೋಕೋಲಿನ ಅಕ್ಷರ, ಮಿರುಗುವ ಕಾಗದದಲ್ಲಿ ಸುತ್ತಿದ ಗೋಡೆ ಗಡಿಯಾರ. ನನ್ನ ತರಗತಿಯ ಹುಡುಗಿಯೊಬ್ಬಳು ಮೂರು ದಿನ ಬರಲಿಲ್ಲ. ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುವ ಅವಳ ತಾಯಿ ದಾರಿಯಲ್ಲಿ ಸಿಕ್ಕಿ, "ಹೆಣ್ಣ್ ಶಾಲಿಗ್ ಹೋಪುದಿಲ್ಲ ಅಂತ್ ಟೀಚರೆ, ಐವತ್ತ್ ರೂಪಾಯಿ ಕೊಡದ್ದೆ" ಎಂದರು. ಆ ವಾರ ಗಾಳಿಮಳೆಗೆ ದೋಣಿಗಳು ಕಡಲಿಗಿಳಿದಿರಲಿಲ್ಲ.

ನಾನು ಇದನ್ನು ಸ್ಟಾಫ್ ರೂಮಿನಲ್ಲಿ ಎತ್ತಿದೆ. "ಮಕ್ಕಳ ಸಂತೋಷಕ್ಕೆ ಅಡ್ಡ ಬರಬಾರದು" ಎಂಬ ಉತ್ತರ ಬಂತು. "ಬೇಕಾದರೆ ಅವಳ ಪಾಲನ್ನು ನಾವೇ ಹಾಕೋಣ" ಎಂದೂ ಒಬ್ಬರು ಹೇಳಿದರು, ಒಳ್ಳೆಯ ಮನಸ್ಸಿನಿಂದಲೇ. ಅಂದರೆ ನಮಗೆ ಕೊಡುವ ಉಡುಗೊರೆಗೆ ನಾವೇ ದುಡ್ಡು ಹಾಕಿ, ಆ ಹುಡುಗಿಯನ್ನು ನಲವತ್ತು ಮಕ್ಕಳೆದುರು ಬಡವಿ ಎಂದು ಗುರುತು ಹಚ್ಚುವುದು! ದಾಸವಾಳದ ವರ್ಷ ಯಾರು ಬಡವರು ಎಂದು ಯಾರಿಗೂ ತಿಳಿದಿರಲಿಲ್ಲ. ಆ ಹುಡುಗಿಯ ಮನೆಯ ದಾಸವಾಳ ಎಲ್ಲರದಕ್ಕಿಂತ ದೊಡ್ಡದಿತ್ತು. ಅಲಂಕಾರ ಅಂಗಡಿಯಿಂದ ಬರಲು ಶುರುವಾದ ಮೇಲೆ ಅದಕ್ಕೊಂದು ಬೆಲೆಚೀಟಿ ಅಂಟಿಕೊಂಡಿತು, ಆ ಚೀಟಿಯನ್ನು ಮಕ್ಕಳು ನಮಗಿಂತ ಬೇಗ ಓದುತ್ತಾರೆ.

ಹಾಗಾಗಿ ನಾನು ಅಗ್ಗದ ಪರ. ಈ ಮಾತನ್ನು ಹೇಳಲು ನಮ್ಮ ಹೆಂಗಸರು ಯಾಕೆ ನಾಚುತ್ತಾರೋ ತಿಳಿಯದು. 'ಸಿಂಪಲ್ ಆಗಿ ಮಾಡಿದೆವು' ಎನ್ನುತ್ತಾರೆ, 'ಪರಿಸರಸ್ನೇಹಿ' ಎನ್ನುತ್ತಾರೆ. ದುಡ್ಡು ಉಳಿಯಿತು ಎಂದು ಬಾಯಿಬಿಟ್ಟು ಹೇಳುವವರಿಲ್ಲ.

ನಮ್ಮ ಹಂಗಾರಕಟ್ಟೆಯಂಥ ಊರಿನಲ್ಲಿ ಅಲಂಕಾರಕ್ಕೆ ದುಡ್ಡು ಕೊಡುವುದೇ ಒಂದು ವಿಚಿತ್ರ. ಹೊಸ್ತಿನ ದಿನ ಗದ್ದೆಯಿಂದ ಕದಿರು ತಂದು ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆಯೊಡನೆ ಸೇರಿಸಿ ನಾರಿನಲ್ಲಿ ಕಟ್ಟುತ್ತಿದ್ದರು. ಬಾಗಿಲಿಗೆ, ಕಂಬಕ್ಕೆ, ಬಾವಿಗೆ, ನೇಗಿಲಿಗೆ. ಒಣಗಿದರೂ ಅದನ್ನು ಕೀಳುವುದಿಲ್ಲ, ಮುಂದಿನ ವರ್ಷದ ಕದಿರು ಬರುವ ತನಕ ಅಲ್ಲೇ ಇರುತ್ತದೆ. ದೀಪಾವಳಿಯ ಮುನ್ನಾ ಸಂಜೆ ನೀರು ತುಂಬುವಾಗ ಹಂಡೆಯನ್ನು ಹುಳಿ ಹಾಕಿ ತಿಕ್ಕಿ, ಕುತ್ತಿಗೆಗೆ ಬಳ್ಳಿ ಸುತ್ತಿ, ಶೇಡಿಯಲ್ಲಿ ಬಿಳಿ ಗೆರೆ ಎಳೆಯುವುದು. ಚಪ್ಪರಕ್ಕೆ ಹೆಣೆದ ಮಡಲು. ದೇವರ ಮುಂದೆ ತೆಂಗಿನ ಎಳೆಗರಿಯ ಸಿರಿ, ಅಡಿಕೆಯ ಸಿಂಗಾರ. ನಾಗಮಂಡಲದ ಚಪ್ಪರವನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಷ್ಟು ವೈಭವಕ್ಕೆ ತೋಟದಲ್ಲಿ ಸಿಗದ ವಸ್ತು ಎಷ್ಟು ಬೇಕಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಸಾಸ್ತಾನ, ಕೆಮ್ಮಣ್ಣು ಕಡೆಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕಟ್ಟುವ ಗೋದಲಿಗೂ ಅಷ್ಟೆ, ಬೈಹುಲ್ಲು, ಮರಳು, ಅಂಗಳದ ಹಸಿರು ಹುಲ್ಲು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಒಂಬತ್ತು ದಿನ ಹೂ ಕೊಯ್ದು ಒಯ್ಯುತ್ತಾರಷ್ಟೆ. ಆ ಬುಟ್ಟಿಯಲ್ಲಿ ಬೇಲಿಯ ಹೂವಿಗೂ ಜಾಗ ಉಂಟು.

ಸುತ್ತಿ ಕೊಡುವ ವಿದ್ಯೆಯನ್ನಂತೂ ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನಾಲ್ಕು ಹಲಸಿನ ಎಲೆಯನ್ನು ಕಡ್ಡಿ ಚುಚ್ಚಿ ಸೇರಿಸಿದರೆ ಕೊಟ್ಟೆ ಕಡುಬಿನ ಕೊಟ್ಟೆ. ಮುಳ್ಳು ತೆಗೆದ ಮುಂಡಕದ ಓಲೆಯನ್ನು ಬೆಂಕಿಗೆ ಬಾಡಿಸಿ ಸುರುಳಿ ಸುತ್ತಿದರೆ ಮೂಡೆ. ನಾಗರಪಂಚಮಿಗೆ ಅರಿಸಿನ ಎಲೆ. ಶಂಕರಪುರದ ಮಲ್ಲಿಗೆಯನ್ನು ನೋಡಿ: ಬಾಳೆಯ ನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಿಡಿದು, ಬಾಳೆ ಎಲೆಯಲ್ಲಿ ಸುತ್ತಿ ಕಳಿಸುತ್ತಾರೆ. ಮುಂಬಯಿಗೆ ಹೋಗಿ ಬಿಚ್ಚಿದಾಗಲೂ ಹೂ ತಂಪಾಗಿರುತ್ತದೆ. ಬಾಳೆ ಎಲೆಗಿಂತ ಚಂದದ ಉಡುಗೊರೆ ಕಾಗದವನ್ನು ನಾನು ಕಂಡಿಲ್ಲ. ಅಡಿಕೆ ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಎರಡು ತುದಿಯನ್ನೂ ಮಡಚಿ ಹಿಡಿಕಡ್ಡಿ ಚುಚ್ಚಿ ನೆರಳಲ್ಲಿ ಒಣಗಿಸಿದರೆ ಗಟ್ಟಿ ಪೆಟ್ಟಿಗೆಯಾಗುತ್ತದೆ. ಅದರಲ್ಲಿ ಒಂದು ಸೇರು ಚಕ್ಕುಲಿ ಧಾರಾಳ ಹಿಡಿಸುತ್ತದೆ. ಬುಕ್ಕು, ಪೆನ್ನು ಕೊಡುವುದಿದ್ದರೆ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನುಭಾಗ ಸಾಕು. ಬೆಳ್ಳಗಿರುತ್ತದೆ, ದಪ್ಪಗಿರುತ್ತದೆ, ಅದರ ಮೇಲೆ ಮಗು ಒಂದು ಚಿತ್ರ ಬರೆದರೆ ಮುಗಿಯಿತು. ಕಟ್ಟಲು ಬಾಳೆನಾರು ಅಥವಾ ಹಳೆಯ ಸೀರೆಯ ಅಂಚು.

ಈಗ ಹುಟ್ಟುಹಬ್ಬಕ್ಕೆ ಸುತ್ತಿ ಕೊಡುವ ಮಿರುಗುವ ಹಾಳೆಯನ್ನು ಕೈಯಲ್ಲಿ ಮುದ್ದೆ ಮಾಡಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಕಾಗದ. ಮೆಲ್ಲಗೆ ಬಿಚ್ಚಿಕೊಂಡರೆ ಅದು ಪ್ಲಾಸ್ಟಿಕ್ಕು, ಮೇಲೊಂದು ಲೋಹದ ತೆಳು ಲೇಪ. ರದ್ದಿಯವನು ಅದನ್ನು ಒಯ್ಯುವುದಿಲ್ಲ, ದನ ತಿಂದರೆ ಕೆಟ್ಟಿತು, ಒಲೆಗೆ ಹಾಕಿದರೆ ಹೊಗೆ. ಐದು ನಿಮಿಷದಲ್ಲಿ ಹರಿದೆಸೆಯುವ ವಸ್ತುವಿಗೆ ನಾವು ಒಳಗಿನ ಪುಸ್ತಕದ ಬೆಲೆಯ ಕಾಲುಭಾಗ ಕೊಡುತ್ತೇವೆ.

ಈ ಉಡುಗೊರೆ ಕಾಗದದ ಕತೆಯೂ ಸ್ವಾರಸ್ಯವಾಗಿದೆ. ಇದೇನು ಪುರಾತನ ಸಂಪ್ರದಾಯವಲ್ಲ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಹಾಲ್ ಎಂಬ ಸಹೋದರರ ಅಂಗಡಿಯಿತ್ತು. 1917ರ ಕ್ರಿಸ್ಮಸ್ ಹೊತ್ತಿಗೆ, ಉಡುಗೊರೆ ಸುತ್ತಲು ಜನ ಒಯ್ಯುತ್ತಿದ್ದ ಸಾದಾ ತೆಳು ಕಾಗದ ಅವರಲ್ಲಿ ಮುಗಿದುಹೋಯಿತು. ಲಕೋಟೆಗಳ ಒಳಗೆ ಅಂಟಿಸಲು ತರಿಸಿದ್ದ ಅಚ್ಚಿನ ಕಾಗದ ಮಿಕ್ಕಿತ್ತು, ಅದನ್ನೇ ಹಾಳೆಗೆ ಹತ್ತು ಸೆಂಟಿನಂತೆ ಮಾರಿದರು. ಎಲ್ಲ ಖರ್ಚಾಯಿತು. ಮುಂದೆ ಅದನ್ನೇ ಮುದ್ರಿಸಿ ಮಾರಲು ತೊಡಗಿದರು, ಆ ಅಂಗಡಿಯೇ ಹಾಲ್‌ಮಾರ್ಕ್ ಎಂಬ ದೊಡ್ಡ ಕಂಪನಿಯಾಯಿತು. ಒಂದು ಅಂಗಡಿಯಲ್ಲಿ ದಾಸ್ತಾನು ಮುಗಿದ ಕಾರಣಕ್ಕೆ ಹುಟ್ಟಿದ ಪದ್ಧತಿಯನ್ನು ನಾವು ಸಾಸ್ತಾನದಲ್ಲಿ ಮರ್ಯಾದೆಯ ಪ್ರಶ್ನೆ ಮಾಡಿಕೊಂಡಿದ್ದೇವೆ! ಅದೇ ಜಪಾನಿನವರು ಚೌಕದ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುವ ತಮ್ಮ ಹಳೆಯ ಫುರೋಶಿಕಿಯನ್ನು ಬಿಟ್ಟುಬಿಡಬಾರದೆಂದು ಯೋಚಿಸಿದರು. 2006ರಲ್ಲಿ ಅಲ್ಲಿನ ಪರಿಸರ ಮಂತ್ರಿ ಯುರಿಕೊ ಕೊಯಿಕೆ ತಾವೇ ಅಂಥ ಬಟ್ಟೆಯೊಂದನ್ನು ಮಾಡಿಸಿ ಪ್ರಚಾರ ಮಾಡಿದರು. ನಮ್ಮಲ್ಲಿ ರವಕೆ ಕಣವಿದೆ. ಪ್ರತಿಯೊಬ್ಬರ ಕಪಾಟಿನಲ್ಲೂ ಹೊಲಿಸದ ಇಪ್ಪತ್ತು ಕಣಗಳು ಕೂತಿವೆ, ಸುಳ್ಳಾದರೆ ಹೇಳಿ. ಉಡುಗೊರೆಯನ್ನು ಅದರಲ್ಲೇ ಗಂಟು ಕಟ್ಟಿ ಕೊಟ್ಟರೆ ಸುತ್ತಿದ್ದೂ ಆಯಿತು, ಅರಿಸಿನ ಕುಂಕುಮದ ಕಣವೂ ಆಯಿತು. ತೆಗೆದುಕೊಂಡವರು ಮುಂದಿನ ಮನೆಗೆ ಅದರಲ್ಲೇ ಕಟ್ಟಿ ಒಯ್ಯಲಿ. ಹೇಗೂ ಕಣಗಳು ಹಾಗೆ ತಿರುಗುತ್ತಲೇ ಇರುತ್ತವಲ್ಲ!

ಕಾನೂನೂ ಹಿಂದೆ ಬಿದ್ದಿಲ್ಲ. ನಮ್ಮ ರಾಜ್ಯ 2016ರಲ್ಲೇ ಪ್ಲಾಸ್ಟಿಕ್ ಚೀಲ, ಫ್ಲೆಕ್ಸು, ತೋರಣ, ಬಾವುಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯಿಸುವಂತೆ ಅಲಂಕಾರದ ಥರ್ಮೋಕೋಲು, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಸಿಹಿತಿಂಡಿಯ ಪೆಟ್ಟಿಗೆ ಮತ್ತು ಆಮಂತ್ರಣ ಪತ್ರಿಕೆಗೆ ಸುತ್ತುವ ಪಾರದರ್ಶಕ ಹಾಳೆ ಇವೆಲ್ಲ ನಿಷೇಧದ ಪಟ್ಟಿಗೆ ಬಂದವು. ಉಡುಗೊರೆಯ ಮಿರುಗು ಹಾಳೆಯ ಹೆಸರು ಮಾತ್ರ ಅದರಲ್ಲಿಲ್ಲ. ಪಟ್ಟಿ ಇದೆ ಎಂಬುದೇ ಎಷ್ಟೋ ಶಾಲೆಗಳಿಗೆ ತಿಳಿದಿಲ್ಲ, ತಿಳಿದವರೂ 'ಪ್ರಾಜೆಕ್ಟ್' ಎಂದರೆ ಥರ್ಮೋಕೋಲು ಎಂದೇ ಬರೆಸುತ್ತಾರೆ. ಜ್ವಾಲಾಮುಖಿಗೂ ಥರ್ಮೋಕೋಲು, ಹಿಮಾಲಯಕ್ಕೂ ಥರ್ಮೋಕೋಲು! ಮೀನನ್ನು ಮಂಜಿನ ಜೊತೆ ಕಳಿಸುವ ಪೆಟ್ಟಿಗೆಯಲ್ಲಾದರೆ ಅದಕ್ಕೊಂದು ಕೆಲಸವಿದೆ, ಅದನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ 'ಹ್ಯಾಪಿ ಬರ್ತ್‌ಡೇ' ಎಂದು ಒಂದು ಸಂಜೆ ಗೋಡೆಯ ಮೇಲೆ ಕೂರುವುದು ಕೆಲಸವೇ? ನೂರಕ್ಕೆ 95 ಭಾಗಕ್ಕಿಂತ ಹೆಚ್ಚು ಗಾಳಿಯೇ ಇರುವ ವಸ್ತುವದು. ಮುಳುಗುವುದಿಲ್ಲ, ಕೊಳೆಯುವುದಿಲ್ಲ, ಕಾಳುಕಾಳಾಗಿ ಒಡೆಯುತ್ತದೆ. ಚೌತಿಯ ನಂತರ ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆಯ ಬದಿಯಲ್ಲಿ ನಿಂತರೆ ಆ ಬಿಳಿ ಕಾಳು ದಡದ ಗೆರೆಯುದ್ದಕ್ಕೂ ಕಾಣುತ್ತದೆ. ಬಲೆ ಝಾಡಿಸುವವರು ಅದನ್ನು ಶಪಿಸುವ ಭಾಷೆಯನ್ನು ಇಲ್ಲಿ ಬರೆಯುವಂತಿಲ್ಲ.

ಅಗ್ಗದ್ದು ಎಂದರೆ ಕಳಪೆ ಕಾಣುತ್ತದೆ, ನಾಲ್ಕು ಜನ ಬರುವಾಗ ಹೇಗೆ ಎನ್ನುವವರನ್ನು ನಾನು ಒಂದು ರಾತ್ರಿ ಆಟಕ್ಕೆ ಕರೆದೊಯ್ಯಬೇಕು. ನಮ್ಮ ಊರಿನಲ್ಲೇ ಯಕ್ಷಗಾನ ಕಲಾಕೇಂದ್ರವಿದೆ. ವೇಷದವರ ಭುಜಕೀರ್ತಿ, ಎದೆಕಟ್ಟು, ಕಿರೀಟ ಏನೆಂದು ತಿಳಿದಿದ್ದೀರಿ? ಹಗುರ ಮರ, ಅದರ ಮೇಲೆ ಬೇಗಡೆ. ಪುಂಡು ವೇಷದ ಕೇದಗೆ ಮುಂದಲೆ ಎಂದರೆ ಚೌಕಿಯಲ್ಲಿ ಪ್ರತಿ ರಾತ್ರಿ ಹೊಸದಾಗಿ ಕಟ್ಟುವ ಬಟ್ಟೆ. ಬೆಳಗ್ಗೆ ಬಿಚ್ಚಿದರೆ ಗಂಟುಮೂಟೆ. ರಂಗಸ್ಥಳಕ್ಕೆ ಬಂದ ಅಭಿಮನ್ಯುವನ್ನು ನೋಡಿ ಇದರ ಸಾಮಾನು ಎಷ್ಟು ರೂಪಾಯಿಯದು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಬೆಲೆ ಇರುವುದು ಕಟ್ಟುವ ಕೈಗೆ, ಅದನ್ನು ಕಲಿಯಲು ಹಿಡಿದ ವರ್ಷಗಳಿಗೆ. ಮಂಗಳೂರಿನ ಕುದ್ರೋಳಿಯ ಗೂಡುದೀಪ ಸ್ಪರ್ಧೆಯಲ್ಲಿ ಸಾಂಪ್ರದಾಯಿಕ ವಿಭಾಗ ಎಂದೇ ಒಂದಿದೆ. ಬಿದಿರು ಮತ್ತು ಬಣ್ಣದ ಕಾಗದದಿಂದ ಏನೇನು ಆಗುತ್ತದೆ ಎಂಬುದನ್ನು ಅಲ್ಲಿ ಹೋಗಿ ನೋಡಬೇಕು.

ಅಂದ ಹಾಗೆ ಗೂಡುದೀಪ ಕಟ್ಟುವುದು ದೊಡ್ಡ ವಿದ್ಯೆ ಎಂದು ಹೆದರಬೇಡಿ. ಒಂದು ಗೇಣುದ್ದದ ಇಪ್ಪತ್ತನಾಲ್ಕು ಬಿದಿರಿನ ಕಡ್ಡಿ ಬೇಕು, ಎಲ್ಲ ಒಂದೇ ಅಳತೆ. ನಾಲ್ಕು ನಾಲ್ಕರಂತೆ ದಾರದಲ್ಲಿ ಬಿಗಿದು ಆರು ಚೌಕ ಮಾಡಿ. ಒಂದು ಚೌಕದ ಮೂಲೆಗೆ ಇನ್ನೊಂದರ ಮೂಲೆಯನ್ನು ಕಟ್ಟುತ್ತ ಹೋಗಿ. ಪ್ರತಿ ಗಂಟಿನಲ್ಲೂ ಎರಡೇ ಚೌಕದ ಮೂಲೆ ಸೇರಬೇಕು, ಅದೊಂದೇ ನಿಯಮ. ಆರನೆಯದನ್ನು ಕಟ್ಟಿ ಮುಗಿಸುವಾಗ ಚೌಕಗಳ ನಡುವೆ ನೀವು ಮಾಡದೆಯೇ ಎಂಟು ತ್ರಿಕೋನಗಳು ಮೂಡಿರುತ್ತವೆ. ಗಣಿತದ ಪೀರಿಯಡ್ಡಿನಲ್ಲಿ ಮುಖ, ಅಂಚು, ಶೃಂಗ ಎಂದು ಬೋರ್ಡಿನ ಮೇಲೆ ಬರೆದಾಗ ಕಣ್ಣು ಮುಚ್ಚುವ ಮಕ್ಕಳು ಇದನ್ನು ಕೈಯಲ್ಲಿ ಹಿಡಿದಾಗ ತಾವೇ ಎಣಿಸುತ್ತಾರೆ: ಹದಿನಾಲ್ಕು ಮುಖ, ಇಪ್ಪತ್ತನಾಲ್ಕು ಅಂಚು, ಹನ್ನೆರಡು ಮೂಲೆ. ಮೇಲಿನ ಚೌಕವನ್ನು ತೆರೆದಿಟ್ಟು ಉಳಿದದ್ದಕ್ಕೆ ತೆಳು ಬಣ್ಣದ ಕಾಗದ ಅಂಟಿಸಿ. ಅಂಟಿಗೆ ಎರಡು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಗಂಜಿಯಾಗುವ ತನಕ ತಿರುವಿದರೆ ಆಯಿತು. ಹಿಂದೆ ಹುಳ ಬಾರದಂತೆ ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು, ಅದು ವಿಷ, ಮಕ್ಕಳ ಕೈಗೆ ಬೇಡ. ಒಳಗೆ ಹಣತೆಯ ಬದಲು ಸಣ್ಣ ಎಲ್‌ಇಡಿ ಬಲ್ಬು ಇಟ್ಟರೆ ಕಾಗದ ಸುಡುವ ಭಯವಿಲ್ಲ. ಎಲ್ಲ ಸೇರಿ ನನ್ನ ತರಗತಿಗೆ ಒಂದಕ್ಕೆ ಹದಿನೈದು ರೂಪಾಯಿಯೊಳಗೆ ಆಯಿತು, ಬಲ್ಬು ಬಿಟ್ಟು. ಬಿದಿರನ್ನು ಒಬ್ಬ ಹುಡುಗನ ಅಜ್ಜ ಕೊಟ್ಟರು.

ಇನ್ನು ನಿಮ್ಮ ಬಾಯಿಯಲ್ಲಿರುವ ಮಾತಿಗೆ ಬರುತ್ತೇನೆ. "ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ ಟೀಚರೆ? ಆಫೀಸು, ಅಡುಗೆ, ಮಕ್ಕಳ ಪರೀಕ್ಷೆ. ಇನ್ನೂರು ರೂಪಾಯಿ ಬಿಸಾಡಿದರೆ ಒಂದು ಕೆಲಸ ಮುಗಿಯಿತಲ್ಲ." ಈ ಮಾತನ್ನು ನಾನು ತಳ್ಳಿಹಾಕಲಾರೆ. ಪೇಟೆಯ ಹೆಂಗಸರಿಗೆ ಹಬ್ಬವೆಂದರೆ ಈಗಾಗಲೇ ಹೆಚ್ಚಿನ ದುಡಿಮೆ, ಅದರ ಮೇಲೆ ಹಾಳೆ ನೆನೆಸು, ಕಡ್ಡಿ ಸೀಳು ಎಂದು ಉಪದೇಶ ಮಾಡುವವಳ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಒಂದು ವಿಷಯ ನೆನಪಿಸಿಕೊಳ್ಳಿ. ನಮ್ಮ ಬಾಲ್ಯದಲ್ಲಿ ಇದೆಲ್ಲ ಯಾರ ಕೆಲಸವಾಗಿತ್ತು? ಗದ್ದೆಯಿಂದ ಕದಿರು ತಂದು ಕಟ್ಟುತ್ತಿದ್ದವರು ಮನೆಯ ಯಜಮಾನರು. ಚಪ್ಪರ ಹಾಕುತ್ತಿದ್ದವರು ಗಂಡಸರು. ಬಿದಿರು ಸೀಳಿ ಗೂಡುದೀಪ ಕಟ್ಟುವುದು ಅಣ್ಣಂದಿರ, ಚಿಕ್ಕಪ್ಪಂದಿರ ಹುಮ್ಮಸ್ಸು. ನಮ್ಮನ್ನು ಹತ್ತಿರವೂ ಬಿಡುತ್ತಿರಲಿಲ್ಲ, ಅಂಟು ತಂದುಕೊಡಲು ಮಾತ್ರ ಕರೆಯುತ್ತಿದ್ದರು. ಭುಜಕೀರ್ತಿಗೆ ಬೇಗಡೆ ಅಂಟಿಸುವವರೂ, ಮುಂದಲೆ ಕಟ್ಟುವವರೂ ಗಂಡಸರೇ. ಅದೇ ಕೆಲಸಕ್ಕೆ 'ಕ್ರಾಫ್ಟ್' ಎಂದು ಹೆಸರು ಬಂದು ಪತ್ರಿಕೆಯ ಮಹಿಳಾ ಪುಟಕ್ಕೆ ಏರಿದ್ದೇ ತಡ, ಅದು ನಮ್ಮ ತಲೆಗೆ ಬಂತು. ಗಂಡಸರು ಸೋಫಾದ ಮೇಲೆ ಕುಳಿತು, ಚಂದ ಆಗಿದೆ ಎನ್ನುವವರಾದರು. ಪುರುಸೊತ್ತಿಲ್ಲದ ನಾವು ಅಂಗಡಿಗೆ ಓಡಿದೆವು. ಅಂಗಡಿಯವನು ನಮ್ಮ ಈ ಆಯಾಸವನ್ನು ಚೆನ್ನಾಗಿ ಬಲ್ಲ, ಅವನ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ನನ್ನ ತರಗತಿಯಲ್ಲಿ ಈಗ ಹುಡುಗರಿಗೂ ಹೂ ಕಟ್ಟಲು, ಹಾಳೆ ಮಡಚಲು ಹೇಳುತ್ತೇನೆ. ಒಬ್ಬ ತಂದೆ ಬಂದು, "ಗಂಡು ಮಕ್ಕಳಿಗೆ ಇದೆಲ್ಲ ಎಂತಕೆ ಟೀಚರೆ?" ಎಂದು ಕೇಳಿದರು. ಅವರು ಮೇಳಕ್ಕೆ ಹೋಗಿ ಬಂದವರು, ಮುಂದಲೆ ಕಟ್ಟಲು ಬಲ್ಲವರು. ಅದನ್ನೇ ನೆನಪಿಸಿದೆ. "ಅದ್ ಬೇರೆ" ಎಂದರು. ಹೇಗೆ ಬೇರೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ನನ್ನ ಮಾತು ಒಪ್ಪದೆಯೇ ಎದ್ದು ಹೋದರು.

ಆದ್ದರಿಂದ ಓದುವ ಅಕ್ಕತಂಗಿಯರಿಗೆ ನಾನು ಹೇಳುವುದು ಹೊಸ ಕೆಲಸವನ್ನಲ್ಲ. ಬರುವ ದೀಪಾವಳಿಗೆ ಬಿದಿರು ತಂದು ಜಗಲಿಯಲ್ಲಿ ಹಾಕಿ, ಕತ್ತಿಯನ್ನು ಮನೆಯ ಗಂಡಸರ ಕೈಗೆ ಕೊಡಿ. ಅಳತೆ ನೋಡುವುದು ಮಕ್ಕಳ ಪಾಲು. ನೀವು ಬೇಕಾದರೆ ಬಣ್ಣ ಯಾವುದು ಎಂದು ಕುಳಿತಲ್ಲಿಂದ ಹೇಳಿ. ಮೈದಾ ಅಂಟನ್ನೂ ಅವರೇ ಕುದಿಸಲಿ. ಅದು ತಳ ಹಿಡಿಯುತ್ತದೆ, ಖಂಡಿತ ಹಿಡಿಯುತ್ತದೆ. ಆ ಪಾತ್ರೆಯನ್ನು ತಿಕ್ಕುವುದೂ ಅವರ ಲೆಕ್ಕಕ್ಕೇ ಇರಲಿ.